ನಾಡಿ ಹಿಡಿದು ಕೂತ ದಿನಗಳು

ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಭಾವ ದುಡಿಯುವ ಕಾರ್ಖಾನೆಯ ಸೈರನ್ ಆಗಷ್ಟೇ ಕೂಗಿ ನಿಂತಿತ್ತು. ರಜೆಗೆಂದು ನಾನು ದಾವಣಗೆರೆಯಿಂದ ಹರಿಹರದ ಅಕ್ಕನ ಮನೆಗೆ ಬಂದಿದ್ದೆ. ರೊಟ್ಟಿ ತಟ್ಟುತ್ತಿದ್ದ ಅಕ್ಕ ಕೈ ನಿಲ್ಲಿಸಿ, ಹಿಟ್ಟು ಮೆತ್ತಿದ ಅಂಗೈಯನ್ನು ಎದೆಗೆ ಒತ್ತಿಕೊಂಡಳು.

“ತಮ್ಮಾ, ಎದಿ ಒಳಗೆ ಯಾರೋ ಬಿದ್ದು ಎದ್ದು ಓಡಿದಂಗೆ ಆಗ್ತೈತೆ.”

ಮಣಿಕಟ್ಟು ಹಿಡಿದೆ. ಬಡಿತ ಓಡುತ್ತಿತ್ತು, ಎಡವುತ್ತಿತ್ತು. ಒಂದು ಸಲ ಇಲ್ಲವೇ ಇಲ್ಲ. ಆ ಖಾಲಿ ಕ್ಷಣ ಈಗಲೂ ನನ್ನ ಬೆರಳ ತುದಿಯಲ್ಲಿದೆ.

ದಾವಣಗೆರೆಗೆ ಕರೆತಂದೆವು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಚಿಕ್ಕಂದಿನಲ್ಲಿ ಕೀಲು ಊದಿ ಬಂದಿದ್ದ ಜ್ವರ ಹೃದಯದ ವಾಲ್ವ್ ಕೆಡಿಸಿದೆ ಎಂದರು. ಎದೆಬಡಿತವನ್ನು ಹಿಡಿತಕ್ಕೆ ತರಲು ಡಿಜಾಕ್ಸಿನ್ ಗುಳಿಗೆ ಬರೆದರು.

“ಹೊತ್ತು ತಪ್ಪಿಸಬೇಡಿ. ಏನೇ ಹೊಸದು ಕಂಡರೂ ಮೊದಲು ನನ್ನತ್ರ ಬರ್ರಿ.”

ಕೆ.ಬಿ. ಬಡಾವಣೆಯ ನನ್ನ ಬಾಡಿಗೆ ಮನೆಯಲ್ಲೇ ಅಕ್ಕನನ್ನು ಇರಿಸಿಕೊಂಡೆ. ನಾನು ಬಿ.ಎ. ಓದಿದವನು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಗಡಿಯಾರ ನೋಡಿಯೇ ಗುಳಿಗೆ ಕೊಟ್ಟೆ. ವಾರದಲ್ಲಿ ಎದೆಯ ಓಟ ಇಳಿಯಿತು. ಆಮೇಲೆ ಅವಳಿಗೆ ಅನ್ನ ಸೇರದಾಯಿತು. ವಾಂತಿ ಶುರುವಾಯಿತು. ಒಂದು ಮಧ್ಯಾಹ್ನ ನನ್ನನ್ನೇ ದಿಟ್ಟಿಸಿದಳು.

“ಏನ್ ಮೇಷ್ಟ್ರೇ, ಅಂಗೀನ ಅರಿಶಿಣದಾಗೆ ಅದ್ದಿಕೊಂಡು ಬಂದೀಯ? ನಿನಗೆ ಹೆಣ್ಣು ಯಾರು ಕೊಟ್ರೋ?”

ನನ್ನದು ಬಿಳಿ ಅಂಗಿ. ಗೋಡೆಯೂ ಹಳದಿ, ಮಜ್ಜಿಗೆಯೂ ಹಳದಿ ಎಂದಳು.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಆ ಗಾದೆಯನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದು, ವಿಸ್ತರಿಸಿ ಎಂದು ಹುಡುಗರಿಗೆ ಹೇಳಿದ್ದೆನೋ. ಅಂದು ಅದನ್ನೇ ನಂಬಿ ರೋಗವನ್ನು ಹೆಸರಿಸಿದೆ. ಅನ್ನ ಸೇರದಿರುವುದು, ವಾಂತಿ, ಹಳದಿ, ಎಲ್ಲ ಹೊಂದಿಕೊಂಡವು. ಅವಳ ಕಣ್ಣಿನ ಬಿಳಿ ಬೆಳ್ಳಗೇ ಇತ್ತು. ಅದನ್ನು ನೋಡಿದ್ದೆ. ನೋಡಿಯೂ ಬಿಟ್ಟೆ.

ಅವಳನ್ನು ನೋಡಲು ಬಂದ ಭಾವ ಅಂದರು, “ಕಾಮಾಲೆಗೆ ಇಂಗ್ಲಿಷ್ ಔಷಧಿ ಇಲ್ಲ ಕಣಪ್ಪ. ಡಾಕ್ಟ್ರತ್ರ ಹೋಗಾದೇ ಬ್ಯಾಡ. ನಮ್ಮ ಹರಿಹರದಾಗೆ ಸೊಪ್ಪು ಕೊಡೋ ಅಜ್ಜಿ ಅದಾಳೆ.”

ಅವರು ತಂದ ಸೊಪ್ಪನ್ನು ನಾನೇ ಅರೆದು, ಮೂರು ದಿನ ಖಾಲಿ ಹೊಟ್ಟೆಗೆ ರಸ ಕುಡಿಸಿದೆ. ಉಪ್ಪು, ಎಣ್ಣೆ ಬಿಡಿಸಿದೆ. ಎದೆಯ ಗುಳಿಗೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ.

ವಿಷವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದವನು ನಾನೇ.

ನಾಲ್ಕನೆಯ ಬೆಳಿಗ್ಗೆ ಬಚ್ಚಲಿನಿಂದ ಬರುವಾಗ ಅಕ್ಕ ಕುಸಿದಳು. ನಾಡಿಯಲ್ಲಿ ಒಂದು ಬಡಿತ, ಅದರ ಬೆನ್ನಿಗೇ ಒಂದು ಅರೆಬಡಿತ, ಮತ್ತೆ ಉದ್ದನೆಯ ಮೌನ. ಡಾಕ್ಟರ ಬಳಿಗೆ ಹೊರಟ ನಮ್ಮ ಟಾಂಗಾ ಮಂಡಿಪೇಟೆಯ ಹತ್ತಿ ಗಾಡಿಗಳ ನಡುವೆ ಸಿಕ್ಕಿಕೊಂಡಿತು. ನಾನು ಮಣಿಕಟ್ಟು ಬಿಡಲಿಲ್ಲ. ಪ್ರತಿ ಮೌನದಲ್ಲೂ ಇದೇ ಕೊನೆ ಅಂದುಕೊಂಡೆ.

ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು. “ಕಾಮಾಲೆ ಎಲ್ಲೈತ್ರಿ ಇಲ್ಲಿ? ಈ ಗುಳಿಗೆ ಕೆಲವರ ಮೈಯಾಗೆ ಕೂಡ್ತಾ ಹೋಗಿ ವಿಷ ಆಗ್ತದೆ. ವಾಂತಿ, ಹಳದಿ ಎಲ್ಲಾ ಅದರಿಂದಾನೇ. ನನ್ನತ್ರ ಯಾಕ್ರಿ ಬರಲಿಲ್ಲ?”

ಗಾದೆಯ ವಿಷಯ ಬಿಟ್ಟು, ಸೊಪ್ಪಿನ ವಿಷಯ ಮಾತ್ರ ಹೇಳಿದೆ.

ಆಸ್ಪತ್ರೆಯ ವಾರ್ಡಿಗೆ ಸೇರಿಸಿದರು. ಡಿಜಾಕ್ಸಿನ್ ನಿಲ್ಲಿಸಿ, ಪೊಟ್ಯಾಸಿಯಂ ಮಿಕ್ಸ್ಚರ್ ಕುಡಿಸಿದರು. ಉಳಿದದ್ದು ಕಾಯುವುದು. ಭಾವ ಮತ್ತು ನಾನು ಸರದಿಯಲ್ಲಿ ನಾಡಿ ಎಣಿಸಿದೆವು. ಎಣಿಸಿ ಎಂದು ಯಾರೂ ಹೇಳಿರಲಿಲ್ಲ. ಕೈ ಬಿಟ್ಟರೆ ನಿಂತೇಬಿಡುತ್ತದೆ ಎಂಬ ಭಯ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

“ಬಳೆಗಾರರ ಹಂಗೆ ಒಬ್ರಾದ ಮ್ಯಾಲೆ ಒಬ್ರು ಕೈ ಹಿಡಕಂಡು ಕೂತೀರಲ್ಲ, ಬಿಡ್ರೋ” ಎಂದಳು ಅಕ್ಕ. ನಾವು ನಗಲಿಲ್ಲ.

ಐದನೆಯ ದಿನ ಅವಳಿಗೆ ಗೋಡೆ ಬೆಳ್ಳಗೆ ಕಂಡಿತು. ಇನ್ನೂ ಕೆಲವು ದಿನ ಕಳೆದ ಮೇಲೆ ಅರ್ಧ ಗುಳಿಗೆಯಿಂದ ಮತ್ತೆ ಶುರುಮಾಡಿದರು. ವಾಲ್ವ್ ಹಾಗೆಯೇ ಇರುತ್ತದೆ, ಬಡಿತ ಆಗಾಗ ತಪ್ಪುತ್ತದೆ, ಅದರ ಜೊತೆಗೇ ಬಾಳಬೇಕು ಎಂದರು ಡಾಕ್ಟರು. ಆ ಅರ್ಧ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ನಿಂತೇ ಇದ್ದೆ. ಅಕ್ಕನೇ ತೆಗೆದುಕೊಂಡು ನುಂಗಿದಳು.

ಅಕ್ಕನನ್ನು ಹರಿಹರದ ಮನೆಗೆ ಕರೆತಂದ ಮೇಲೂ ಭಾವನ ಮತ್ತು ನನ್ನ ಸರದಿ ನಿಲ್ಲಲಿಲ್ಲ. ಮೊದಲ ಗುರುವಾರ ನಾನು ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಸರದಿ ನನ್ನದಾಗಿತ್ತು, ಗೋಡೆಗೆ ಒರಗಿದಲ್ಲೇ ನಿದ್ದೆಹೋಗಿದ್ದೆ. ಬಾಗಿಲ ಬಳಿ ಭಾವ ಗೊರಕೆ ಹೊಡೆಯುತ್ತಿದ್ದರು. ಅಕ್ಕನ ಕೈ ಕಂಬಳಿಯ ಹೊರಗಿತ್ತು. ಗಾಬರಿಯಿಂದ ಕೈ ಚಾಚಿದೆ. ಅಷ್ಟರಲ್ಲಿ ಕಂಬಳಿ ಮೆಲ್ಲಗೆ ಏರಿತು, ಇಳಿಯಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಇಡೀ ರಾತ್ರಿ, ಯಾರೂ ಎಣಿಸದೆ, ಅವಳ ಎದೆ ತನ್ನಷ್ಟಕ್ಕೆ ತಾನು ಬಡಿದಿತ್ತು.