ಸುಲೋಚನಾ ಹಾಡು ಕಲಿತದ್ದು

ಸುಲೋಚನಾಳ ದನಿ ದಪ್ಪ. ಹುಟ್ಟಿ ಅತ್ತಾಗ ಹೊರಗೆ ಕೂತವರು ಗಂಡು ಅಂದುಕೊಂಡು ಸಕ್ಕರೆ ಹಂಚಿಬಿಟ್ಟಿದ್ದರಂತೆ. ಬಾಗಲಕೋಟೆಯಲ್ಲಿ ಸ್ವಲ್ಪ ದಿನ ಶಾಲೆಗೆ ಹೋದಳು. ಪ್ರಾರ್ಥನೆಯ ಹೊತ್ತಿಗೆ ಮಾಸ್ತರರು, ನೀನು ಬರೀ ತುಟಿ ಆಡಿಸು ಅನ್ನುತ್ತಿದ್ದರು. ಮದುವೆಯಾದ ಮೇಲೆ ಹಾಗೆ ಹೇಳುವ ಕೆಲಸ ಗಂಡನಿಗೆ ಬಂತು.

ಗಂಡ ಅಚ್ಯುತರಾಯರು ರೈಲ್ವೆಯಲ್ಲಿ ಗುಮಾಸ್ತರು. ಗುಜರಾತ್ ಬೇರೆ ರಾಜ್ಯವಾದ ಮೂರು ನಾಲ್ಕು ವರ್ಷಕ್ಕೆ ಬರೋಡಾಕ್ಕೆ ವರ್ಗವಾಗಿ ಬಂದು ಹಳೇ ಊರಿನ ಒಂದು ಪೋಳಿನಲ್ಲಿ ಮನೆ ಹಿಡಿದರು. ಪೋಳು ಅಂದರೆ ಒಂದೇ ಹೆಬ್ಬಾಗಿಲಿನ ಓಣಿ. ಒಬ್ಬರ ಮನೆಯ ಒಗ್ಗರಣೆಗೆ ಎಲ್ಲರೂ ಸೀನಬೇಕು. ಶನಿವಾರ ಸಂಜೆ ರಾಯರ ಮನೆಯಲ್ಲಿ ಕನ್ನಡದ ಗೆಳೆಯರು ಕೂಡಿ ಭಜನೆ ಮಾಡುತ್ತಿದ್ದರು. ಸುಲೋಚನಾ ಚಹಾ, ಅವಲಕ್ಕಿ ಕೊಟ್ಟು ಬಾಗಿಲಲ್ಲಿ ನಿಂತು ಒಂದು ಸಾಲು ದನಿಗೂಡಿಸಿದರೆ ಸಾಕು, ರಾಯರು ಕಣ್ಣು ತೆರೆಯದೆ ಹೇಳುತ್ತಿದ್ದರು: "ಯಾರರ ಆ ಹಂಡೆ ಎಳಿಯೂದು ನಿಲ್ಲಸ್ರಿ."

ಗೆಳೆಯರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ.

ನವರಾತ್ರಿಯಲ್ಲಿ ಪೋಳಿನ ಚೌಕದಲ್ಲಿ ತೂತಿನ ಮಡಕೆಯೊಳಗೆ ದೀಪವಿಟ್ಟು, ಹೆಂಗಸರು ಅದರ ಸುತ್ತ ಚಪ್ಪಾಳೆ ತಟ್ಟುತ್ತ ಗರಬಾ ಆಡುತ್ತಾರೆ. ಒಬ್ಬಳು ಒಂದು ಸಾಲು ಹಾಡಬೇಕು, ಉಳಿದವರು ಅದನ್ನೇ ತಿರುಗಿ ಹಾಡಬೇಕು. ಮನೆಗೊಬ್ಬಳ ಪಾಳಿ. ಹಿಂದಿನ ವರ್ಷ ಪಾಳಿ ಇವಳ ಮನೆ ದಾಟಿ ಮುಂದೆ ಹೋಗಿತ್ತು. ಅವರು ಮದ್ರಾಸಿಗಳು, ಬಿಡಿ ಅಂದಿದ್ದರು. ಬಾಗಲಕೋಟೆಯವಳನ್ನು ಮದ್ರಾಸಿ ಅಂದದ್ದು ಹೋಗಲಿ, ದಾಟಿಹೋದದ್ದು ಅವಳಿಗೆ ನಾಟಿತು. ಈ ವರ್ಷ ಹಬ್ಬಕ್ಕೆ ಮುಂಚೆಯೇ ಎದುರು ಮನೆಯ ಮುದುಕಿ ಜಡಾವಬೆನ್ ಹತ್ತಿರ ಹೋಗಿ, ಬಂದಷ್ಟು ಹಿಂದಿಯಲ್ಲಿ, ನನ್ನ ಪಾಳಿ ನನಗೆ ಬೇಕು, ಹಾಡು ಕಲಿಸು ಅಂದಳು.

ಜಡಾವಬೆನ್ ಸರಿಗಮದ ಸುದ್ದಿಗೇ ಹೋಗಲಿಲ್ಲ. ಇವಳನ್ನು ಮಾಳಿಗೆ ಹತ್ತಿಸಿ, ತಾನು ಕೆಳಗೆ ಕಟ್ಟೆಯ ಮೇಲೆ ಹಪ್ಪಳ ಲಟ್ಟಿಸುತ್ತ ಕೂತಳು.

"ನನ್ನ ಹೆಸರು ಕೂಗು."

"ಜಡಾವಬೆನ್!"

"ಇದು ಬೈದ ಹಾಗಾಯಿತು. ಹಾಲಿನವನು ಓಣಿ ದಾಟಿ ಹೋಗುತ್ತಿದ್ದಾನೆ ಅಂದುಕೋ, ನನ್ನ ಹೆಸರನ್ನೇ ಕೂಗಿ ಅವನನ್ನು ನಿಲ್ಲಿಸು."

"ಜಡಾವ... ಬೇ... ನ್!"

"ಹಾಂ, ನಿಂತ. ಇನ್ನು ಹೆಜ್ಜೆ ಹಾಕುತ್ತ ಕೂಗು."

ಹೀಗೆ ಕೂಗು ಎಳೆದು ಎಳೆದು ರಾಗವಾಯಿತು. ಉಸಿರು ಎಲ್ಲಿ, ಚಪ್ಪಾಳೆ ಎಲ್ಲಿ ಅಂತ ತಿಳಿಯಿತು. ಆಮೇಲೆ ಒಂದು ಗುಜರಾತಿ ಹಾಡಿನ ಸಾಲುಗಳು ಬಾಯಿಪಾಠವಾದವು. ದಪ್ಪ ದನಿ ಒಳ್ಳೆಯದೇ, ಚೌಕದ ಆ ತುದಿಗೂ ಮುಟ್ಟುತ್ತದೆ ಅಂದಳು ಮುದುಕಿ. ಆವತ್ತು ಸುಲೋಚನಾಗೆ ಮಾಳಿಗೆಯಿಂದ ಇಳಿಯಲು ಮನಸ್ಸೇ ಬರಲಿಲ್ಲ. ಪಾರಿವಾಳಗಳು ಮಾತ್ರ ಆ ಮಾಳಿಗೆ ಬಿಟ್ಟು ಹೋದವು.

ಸುದ್ದಿ ರಾಯರ ಕಿವಿಗೆ ಬಿತ್ತು.

"ದಸರಾಕ್ಕ ನೀ ಸೂರತ್ತಿಗೆ ಹೋಗು. ಅಲ್ಲೇ ಉಧ್ನಾದಾಗ ನಿಮ್ಮಕ್ಕ ಸುಮತಿ ಹಾದಿ ನೋಡ್ಲಿಕತ್ತಾಳ. ಪಾಸ್ ತಂದೇನಿ."

"ಯಾಕ್ರಿ, ನಾ ಹಾಡಿದ್ರ ನಿಮ್ಮ ರೈಲು ಹಳಿ ತಪ್ಪತಾವೇನು?"

"ನನ್ನ ಮಾನ ಹೋಗತದ."

"ಹಂಗಾರ ನೀವ ಹೋಗ್ರಿ ಸೂರತ್ತಿಗೆ. ಪಾಸ್ ಹೆಂಗೂ ಅದ."

ರಾಯರು ಹೋಗಲಿಲ್ಲ. ಅವಳ ಪಾಳಿಯ ದಿನ ಊಟ ಮುಗಿಸಿ ಗೆಳೆಯ ಸೀತಾರಾಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಟ್ಟೆ ಹಿಡಿದರು.

ಮೊದಲ ಸಾಲು ಗುಜರಾತಿಯಲ್ಲಿ ಚೊಕ್ಕ ಬಂತು. ಇಡೀ ಚೌಕ ಅದನ್ನು ತಿರುಗಿ ಹಾಡಿತು. ಎರಡನೆಯ ಸಾಲು ಬರಲೇ ಇಲ್ಲ. ಎಲ್ಲಿ ಹೋಯಿತೋ ಏನೋ. ಚಪ್ಪಾಳೆ ನಿಲ್ಲುವಂತಿಲ್ಲ, ಸುತ್ತು ನಿಲ್ಲುವಂತಿಲ್ಲ, ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ನಿಂತರೆ ಮುಗಿಯಿತು, ಮುಂದಿನ ವರ್ಷ ಮತ್ತೆ ದಾಟಿ ಹೋಗುತ್ತಾರೆ. ಕಟ್ಟೆಯ ಕಡೆ ನೋಡಿದಳು. ರಾಯರು ನಗುತ್ತ ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡಿದ್ದರು.

ಅವಳ ಬಾಯಿಂದ ಅದೇ ಧಾಟಿಯಲ್ಲಿ ಹೊರಬಿತ್ತು:

"ನಮ್ಮನಿ ರಾಯರು ಗೊರಕಿ ಹೊಡೀತಾರ, ಕೇಳವ್ವ ತಾಯಿ!"

ಹೆಂಗಸರಿಗೇನು, ಬಂದ ಸಾಲು ತಿರುಗಿಸುವುದು ರೂಢಿ. ಭಕ್ತಿಯಿಂದ ಗಟ್ಟಿಯಾಗಿ ಹಾಡಿದರು: "ನಮ್ಮನಿ ರಾಯರು ಗೊರಕಿ ಹೊಡೀತಾರ, ಕೇಳವ್ವ ತಾಯಿ!"

ರಾಯರ ಬೆರಳು ಕಿವಿಯಿಂದ ಜಾರಿತು.

"ಹೋಳಿಗಿ ಕದ್ದು ಬೆಕ್ಕಿಗೆ ಬೈತಾರ, ಕೇಳವ್ವ ತಾಯಿ!"

ಚೌಕ ಅದನ್ನೂ ಹಾಡಿತು. ಸೀತಾರಾಮ ಕಂಬ ಹಿಡಿದುಕೊಂಡು ನಗುತ್ತಿದ್ದ. "ಅಲ್ಲೋ ಅಚ್ಯುತ, ಆ ಬೆಕ್ಕಿಗೆ ನನ್ನ ಮುಂದೂ ಬೈದಿದ್ದೆಲ್ಲೋ!"

"ನಾ ಬಾಯಿ ತಗದ್ರ ಕಿವಿ ಮುಚ್ಚತಾರ, ಕೇಳವ್ವ ತಾಯಿ!"

ಹಾಡು ಕೊನೆ ಮುಟ್ಟಿತು. ದಾರಿಯಲ್ಲಿ ಎಲ್ಲೂ ಮುಗ್ಗರಿಸಲಿಲ್ಲ. ಜಡಾವಬೆನ್ ಬಂದು ಅವಳ ಗಲ್ಲ ಹಿಡಿದಳು. ಆಮೇಲೆ ಕಟ್ಟೆಗೆ ಹೋಗಿ, ರಾವ್‌ಭಾಯಿ, ಇದರ ಅರ್ಥ ಏನು ಅಂತ ಕೇಳಿದಳು. ರಾಯರು ಗಂಟಲು ಸರಿಮಾಡಿಕೊಂಡರು. "ದೇವಿಯ ಸ್ತುತಿ. ಬಹಳ ಹಳೆಯದು," ಅಂದರು.

ಅಲ್ಲಿಗೆ ಸಿಕ್ಕಿಬಿದ್ದರು. ಬೆಳಿಗ್ಗೆ ನಳದ ಹತ್ತಿರ ಹುಡುಗಿಯರು ಕೊಡ ತುಂಬುತ್ತ ಅದನ್ನೇ ಹಾಡುತ್ತಿದ್ದರು. ಒಬ್ಬ ಅಜ್ಜಿ ಗೊರಕೆಯ ಸಾಲಿಗೆ ಕೈ ಮುಗಿದಳು. ರಾಯರು ಡಬ್ಬಿ ಹಿಡಿದು ತಲೆ ತಗ್ಗಿಸಿ ಆಫೀಸಿಗೆ ಹೋದರು. ಸಂಜೆ ಬಂದವರೇ ಹೆಂಡತಿಯ ಹತ್ತಿರ ತಗ್ಗಿದ ದನಿಯಲ್ಲಿ ಮಾತು ತೆಗೆದರು.

"ಇವತ್ತೂ ನಿನ್ನ ಕಡಿಂದನ ಹಾಡಸ್ತಾರಂತ?"

"ಹೂಂ. ಪಾಳಿ ಇಲ್ಲದಿದ್ರೂ ಬರಬೇಕಂತ."

"ಆ ಬೆಕ್ಕಿನ ಸಾಲು ಅಷ್ಟು ತಗದುಬಿಡು."

"ಬಹಳ ಹಳೇ ಸ್ತುತಿ ಅಲ್ಲೇನ್ರಿ? ಹ್ಯಾಂಗ ತಗೀಲಿ?"

ತೆಗೆಯಲಿಲ್ಲ. ಗೊರಕೆ, ಬೆಕ್ಕು, ಕಿವಿ ಎಲ್ಲ ಹಾಡಿದಳು. ಕೊನೆಗೆ ಕಟ್ಟೆಯ ಕಡೆ ನೋಡದೆ ಇನ್ನೊಂದು ಸಾಲು ಸೇರಿಸಿದಳು:

"ನನಗ ಜ್ವರ ಬಂದ್ರ ನಿದ್ದಿ ಬಿಡತಾರ, ಕೇಳವ್ವ ತಾಯಿ!"

ಅದು ಸುಳ್ಳಲ್ಲ. ಆ ಮಳೆಗಾಲದಲ್ಲಿ ಅವಳು ಟೈಫಾಯ್ಡಿನಲ್ಲಿ ಮಲಗಿದ್ದಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವರು ರಾಯರೇ.

ಚೌಕ ಆ ಸಾಲನ್ನೂ ತಿರುಗಿ ಹಾಡಿತು. ಸೀತಾರಾಮ ರಾಯರ ಪಕ್ಕೆಗೆ ತಿವಿದ. "ಇದಾದ್ರೂ ಖರೇನೋ, ಇಲ್ಲಾ ಇದನ್ನೂ ಬೆಕ್ಕ ಮಾಡೇದೋ?"

"ಬಾಯಿ ಮುಚ್ಚಲೇ ಸೀತಾರಾಮ," ಅಂದರು ರಾಯರು. "ಆಕಿ ಹಾಡೂದು ಕೇಳಸವಲ್ತು."