ಕೊಯ್ಯದೆ ಹಾಕಿದ ಆಲಿವ್ ಉಪ್ಪಿನಕಾಯಿ

ಅಮೆರಿಕದ ಮಾರಿಸ್‌ವಿಲ್‌ನ ಕನ್ನಡಿಗರ ಬಾಯಲ್ಲಿ ಅದು ‘ಪ್ರಶಾಂತ್ ಮನೆ ಉಪ್ಪಿನಕಾಯಿ’. ಹಾಕುವವಳು ಅವನ ಹೆಂಡತಿ ಕಾತ್ಯಾಯಿನಿ. ಹಗಲೆಲ್ಲ ಔಷಧ ಕಂಪನಿಯ ಲ್ಯಾಬಿನಲ್ಲಿ ಬೇರೆಯವರ ತಪ್ಪು ಹುಡುಕಿ ಬಂದು, ಸಂಜೆ ಜಾಡಿ ಒರೆಸಿ ಒಣಗಿಸಿ, ಸಾಸಿವೆ ಮೆಣಸಿನಕಾಯಿ ಹುರಿದು ಪುಡಿ ಮಾಡುವವಳು ಅವಳೇ. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು ಪ್ರಶಾಂತನ ಪಾಲಿನ ಕೆಲಸ.

ಆ ವರ್ಷ ಅವನ ಗೆಳೆಯನೊಬ್ಬ ಕ್ಯಾಲಿಫೋರ್ನಿಯಾದ ತನ್ನ ಹಿತ್ತಲಿನಿಂದ ಒಂದು ಚೀಲ ಹಸಿ ಆಲಿವ್ ತಂದುಕೊಟ್ಟ.

“ಮಾವಿನ ಮಿಡಿ ಥರಾನೇ ಇದೆಯಲ್ಲೇ, ಹಾಗೇ ಹಾಕ್ಬಿಡು,” ಎಂದ ಪ್ರಶಾಂತ್.

ಅವಳಿಗೂ ಹಾಗೇ ಅನ್ನಿಸಿತು. ಮಿಡಿಯನ್ನು ಯಾರೂ ಕೊಯ್ಯುವುದಿಲ್ಲ, ಇಡಿಯಾಗಿಯೇ ಉಪ್ಪಿಗೆ ಹಾಕುತ್ತಾರೆ. ಕಹಿ ಇಳಿಯುವವರೆಗೂ ಉಪ್ಪುನೀರು ಬದಲಿಸಿದಳು. ಕೆಲವು ಕಾಯಿಗಳ ಮೇಲೆ ಸೂಜಿ ಚುಚ್ಚಿದಂಥ ಕಂದು ಚುಕ್ಕೆಗಳಿದ್ದವು. ಸೊನೆಯ ಕಲೆ ಇರಬೇಕು ಎಂದುಕೊಂಡು ಸುಮ್ಮನಾದಳು.

ಭಾನುವಾರ ಮೊಸರನ್ನದ ಜೊತೆ ಒಂದನ್ನು ಕಚ್ಚಿದಾಗ ಒಳಗೆ ಕಂದು ಸುರಂಗ ಕಂಡಿತು. ಅದರ ತುದಿಯಲ್ಲಿ ಅಕ್ಕಿಕಾಳಿನಂಥ ಹುಳು. ಇನ್ನೊಂದು ಕೊಯ್ದಳು. ಅದರಲ್ಲೂ ಇತ್ತು.

ಪ್ರಶಾಂತ್ ಫೋನಿನಲ್ಲಿ ಹುಡುಕಿ ಓದಿದ. ಆಲಿವ್ ನೊಣ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದಂತೆ, ಮರಿ ತಿರುಳು ತಿನ್ನುತ್ತ ಬೆಳೆಯುತ್ತದಂತೆ.

“ನೋಡಿ ಹಾಕೋಕಾಗಲ್ವಾ ನಿಂಗೆ? ರತ್ನಾ ಆಂಟಿಗೆ ಬೇರೆ ಇದ್ರದ್ದೇ ಒಂದು ಬಾಟ್ಲಿ ಕೊಟ್ಟಿದೀನಿ! ಬೇಗ ಫೋನ್ ಮಾಡು.”

ಕಾತ್ಯಾಯಿನಿಯ ಕಿವಿ ಬಿಸಿಯಾಯಿತು. ಮೊಟ್ಟೆ ಇದೆಯೇ ಎಂದು ವಿಚಾರಿಸದೆ ಕೇಕಿನ ಚೂರನ್ನೂ ಬಾಯಿಗಿಡದ ಹಿರಿಯರು ರತ್ನಾ ಆಂಟಿ. ಆ ಮಧ್ಯಾಹ್ನ ದೇವಸ್ಥಾನದ ಊಟಕ್ಕೆ ಅದೇ ಬಾಟಲಿ ಒಯ್ಯುವವರಿದ್ದರು.

“ಆಂಟಿ, ಸಾರಿ... ಆ ಉಪ್ಪಿನಕಾಯೀಲಿ ಹುಳ ಇದೆ. ದೇವಸ್ಥಾನಕ್ಕೆ ತಗೊಂಡ್ಹೋಗ್ಬೇಡಿ.”

ಆ ಕಡೆ ತಟ್ಟೆ ಸರಿಸಿದ ಸದ್ದು. ಆಮೇಲೆ, “ಗುರುವಾರದಿಂದ ತಿಂತಾ ಇದೀನಲ್ಲೇ!”

“ನಂದೇ ತಪ್ಪು ಆಂಟಿ. ಕೊಯ್ದು ನೋಡ್ಬೇಕಿತ್ತು.”

“ನಿಂದಾ? ‘ನಾನೇ ಹಾಕಿದ್ದು, ಟೇಸ್ಟ್ ಮಾಡಿ’ ಅಂತ ಕೊಟ್ಟಿದ್ದು ಪ್ರಶಾಂತ್ ಅಲ್ವಾ? ಎಲ್ಲಿ, ಅವನಿಗೆ ಕೊಡು.”

ಪ್ರಶಾಂತ್ ಎರಡೂ ಕೈ ಆಡಿಸಿ ಬಚ್ಚಲ ಕಡೆ ತೋರಿಸಿದ. ‘ಸ್ನಾನಕ್ಕೆ ಹೋಗಿದಾರೆ’ ಎಂಬ ಮಾತು ಅವಳ ನಾಲಿಗೆಗೆ ಆಗಲೇ ಬಂದುಬಿಟ್ಟಿತ್ತು, ಯಾರೂ ಕರೆಯದೆ, ಅಷ್ಟು ವರ್ಷಗಳ ಅಭ್ಯಾಸದಿಂದ. ಹುಳುವಿಗಿಂತ ಹೆಚ್ಚು ಅವಳಿಗೆ ನಾಚಿಕೆಯಾದದ್ದು ಆ ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ.

“ಇಲ್ಲೇ ಇದಾರೆ, ಆಂಟಿ.”

ಸ್ಪೀಕರ್ ಒತ್ತಿ ಫೋನನ್ನು ಜಾಡಿಗೆ ಆನಿಸಿ ಅವನ ಮುಂದಿಟ್ಟಳು. “ಹಲೋ ಆಂಟಿ,” ಎಂದವನು ಮುಂದಿನ ಮಾತಿಗಾಗಿ ಹೆಂಡತಿಯ ಮುಖ ನೋಡಿದ. ಆ ಮುಖ ಇನ್ನೂ ಸುಡುತ್ತಿತ್ತು. ಆದರೆ ಅವಳು ಹೇಳಿಕೊಡಲಿಲ್ಲ.