ಮೈಲಾರಪ್ಪ ದಾಟದ ಹೊಸ್ತಿಲು

ನಾಲ್ಕನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಶಾಲೆಯನ್ನೇ ಕೊಂಡು ಮನೆ ಮಾಡಿಕೊಂಡವನು ಹೊಸದುರ್ಗ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಊರಿಗೆ ಹೊಸ ಶಾಲೆ ಬಂದು ಹಳೆಯದು ಹರಾಜಿಗೆ ಬಿದ್ದಾಗ ಬುದ್ಧಿವಂತರೆಲ್ಲ ಹಿಂದೆ ಸರಿದರು, ನಾನು ಕೂಗಿಬಿಟ್ಟೆ. ಈಗ ಒಂದನೇ ತರಗತಿ ನಮ್ಮ ಅಡುಗೆಮನೆ. ನಾಲ್ಕನೆಯದರಲ್ಲಿ ನಾನು ಮಲಗುತ್ತೇನೆ. ಓದುವಾಗಲೂ ಅಲ್ಲಿ ಮಾಡಿದ್ದು ಅದನ್ನೇ. ಮಧ್ಯಾಹ್ನ ಹೆಂಚಿನ ಸಂದಿಯಿಂದ ಬಿಸಿಲುಕೋಲು ಇಳಿದು ಧೂಳು ತೇಲುವಾಗ, ಅರೆನಿದ್ದೆಯಲ್ಲಿ ಮಗ್ಗಿ ಕೇಳಿಸುತ್ತದೆ. ಹದಿಮೂರರ ಮಗ್ಗಿ ಬಂದಾಗ ಎಲ್ಲರ ದನಿಯೂ ತಗ್ಗುತ್ತದೆ, ನನ್ನದು ಮಾತ್ರ ಏರುತ್ತದೆ. ಕನಸಿನಲ್ಲಿ ನಾನು ಬಹಳ ಜಾಣ.

ಊರಿನವರಿಗೆ ಹಳೆಯ ಅಭ್ಯಾಸ ಬಿಟ್ಟಿಲ್ಲ. ಎಪ್ಪತ್ತು ದಾಟಿದವರೂ ಹೊಸ್ತಿಲಲ್ಲಿ ಕೈಕಟ್ಟಿ ನಿಂತು, “ಒಳಗೆ ಬರ್ಲಾ ಸಾ?” ಎನ್ನುತ್ತಾರೆ. ಕನ್ನಡಕದ ಮೇಲಿಂದ ನೋಡಿ, ಸ್ವಲ್ಪ ಕಾಯಿಸಿಯೇ ನಾನು “ಹ್ಞೂಂ” ಎನ್ನುವುದು.

ಕೇಳದವನು, ಬರದವನು ಒಬ್ಬನೇ: ನನ್ನ ಸಹಪಾಠಿ, ಕುರಿ ಮೇಯಿಸುವ ಮೈಲಾರಪ್ಪ. ಗೃಹಪ್ರವೇಶದ ಊಟವನ್ನೂ ಅಂಗಳದ ಬೇವಿನ ಮರದಡಿ ಕೂತೇ ಉಂಡ. ಕಾರಣ ನನಗೆ ಗೊತ್ತು. ಮೂರನೇ ತರಗತಿಯಲ್ಲಿದ್ದಾಗ, ಬಾಯ್ತೆರೆದು ಗೊರಕೆ ಹೊಡೆಯುವ ಮೇಷ್ಟ್ರನ್ನು ನಾನು ಬೋರ್ಡಿನ ಮೇಲೆ ಬರೆದು (ಹೋಲಿಕೆ ಅದ್ಭುತವಾಗಿತ್ತು), ಸೀಮೆಸುಣ್ಣವನ್ನು ಅವನ ಜೇಬಿಗೆ ಇಳಿಸಿದ್ದೆ. “ಕರೆಯೋ ತಂಕ ಹೊರಗೇ ನಿಂತಿರು” ಎಂದು ಅವನನ್ನು ಕಳಿಸಿದ ಮೇಷ್ಟ್ರು ಕರೆಯುವುದನ್ನೇ ಮರೆತರು. ಸಂಜೆ ಅಪ್ಪನ ಕುರಿಗಳ ಹಿಂದೆ ಹೋದವನು ಮತ್ತೆ ಶಾಲೆಗೆ ಬರಲಿಲ್ಲ.

ಹೋದ ವಾರ ಅವನು ಮಂದೆಯನ್ನೆಲ್ಲ ಮಾರಿ, ಹಿರಿಯೂರಿನ ಮಗಳ ಮನೆಗೇ ಹೊರಟು ನಿಂತ. ಹೇಳಿಹೋಗಲು ಬಂದವನು ಮತ್ತೆ ಬೇವಿನಡಿಯೇ ಕೂತ. ಚಹಾ ಒಯ್ಯುತ್ತಿದ್ದ ನನ್ನ ಹೆಂಡತಿ ನಡುವೆಯೇ ನಿಂತಳು.

“ಇವತ್ತೂ ಹೊರಗೇ ಕುಡೀಬೇಕೇನ್ರಿ ಅವ್ರು? ಹೋಗಿ ಕರೀರಿ.”

ಹೋದೆ. “ಲೇ ಮೈಲಾರ, ಅವತ್ತು ಆ ಚಿತ್ರ ಬರೆದೋನು ನಾನು ಕಣೋ.”

“ಗೊತ್ತೈತೆ. ನಂಗೆ ಕುರಿ ಬರಿಯಾಕೇ ಬರ್ತಿರ್ಲಿಲ್ಲ, ಮೇಷ್ಟ್ರನ್ನ ಬರೀತೀನಾ?”

“ಮತ್ತೆ ಯಾಕ್ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ ಕಣಪ್ಪ.”

ನಾನು ಕನ್ನಡಕ ತೆಗೆದೆ. “ಒಳಗ್ ಬಾರೋ” ಎಂದೆ.

ಅವನು ಚಪ್ಪಲಿ ಬಿಟ್ಟು, ಕೋಲು ಒರಗಿಸಿ, ನೆಟ್ಟಗೆ ಹೋಗಿ ನನ್ನ ಕುರ್ಚಿಯಲ್ಲೇ ಕೂತ. ಹಿಂದೆಯೇ ಹೊಸ್ತಿಲಿಗೆ ಬಂದ ನನಗೆ ಕೈ ಅಡ್ಡ ಮಾಡಿದ.

“ನೀನ್ ಎಲ್ಲಿಗ್ ಬರ್ತೀಯ? ಅಲ್ಲೇ ನಿಂತ್ಕ.”

ನಿಂತೆ. ಒಳಗೆ ಹೆಂಡತಿ ನಗುತ್ತ ನನ್ನ ಲೋಟದ ಚಹಾವನ್ನೂ ಅವನಿಗೇ ಬಗ್ಗಿಸಿದಳು. ಹೆಂಚಿನ ಮೇಲೆ ಬೇವಿನ ನೆರಳು ಮೆಲ್ಲಗೆ ತೂಗುತ್ತಿತ್ತು. ನನ್ನ ಮನೆ ಇಷ್ಟು ಚೆಂದವಿದೆಯೆಂದು, ಒಳಗಿದ್ದಷ್ಟು ದಿನವೂ ನನಗೆ ತಿಳಿದಿರಲಿಲ್ಲ.